ಅಮೆರಿಕದ ಹಾಡು, ಹೊಸದುರ್ಗದ ಬ್ಯಾಂಡ್‌ಸೆಟ್

ಕೆಂಪು ಕೋಟು ತೊಟ್ಟು ಕ್ಲಾರಿನೆಟ್ ಬಾಯಿಗಿಟ್ಟವನ ಹಣೆಯಲ್ಲಿ ನೆಮ್ಮದಿ ಬರೆದಿರುವುದಿಲ್ಲ. ಒಂದು ಮದುವೆ ಸುಸೂತ್ರವಾಗಿ ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಮುಂದಿನ ಮದುವೆಯಲ್ಲಿ ಏನೋ ಒಂದು ಕಾದು ಕೂತಿರುತ್ತದೆ. ಹೊಸದುರ್ಗದಲ್ಲಿ ನಮ್ಮದು ಒಂಬತ್ತು ಜನರ ಬ್ಯಾಂಡ್‌ಸೆಟ್. ನಾನು ಅದಕ್ಕೆ ಮಾಸ್ಟರು. ಮಾಸ್ಟರು ಅಂದರೆ ಏನಾದರೂ ಎಡವಟ್ಟಾದಾಗ ಎಲ್ಲರೂ ತಿರುಗಿ ನೋಡುವ ಮನುಷ್ಯ, ಅಷ್ಟೇ.

ನಾನು ಹೇಳುತ್ತಿರುವುದು ಡೀಜೆ ಡಬ್ಬಗಳು ನಮ್ಮ ಸೀಮೆಗೆ ಕಾಲಿಟ್ಟ ಕಾಲದ ಮಾತು. ಒಂದು ಟೆಂಪೋ, ಎರಡು ಡಬ್ಬ, ಗುಂಡಿ ಒತ್ತಲು ಒಬ್ಬ. ಅವನ ತುಟಿ ಊದಿಕೊಳ್ಳುವುದಿಲ್ಲ, ಮಂಡಿ ನೋಯುವುದಿಲ್ಲ, ಅವನಿಗೆ ಒಂಬತ್ತು ಎಲೆ ಹಾಕಬೇಕಾಗಿಲ್ಲ. ಅವನು ಬಂದ ಮೇಲೆ ಚಿತ್ರದುರ್ಗದಲ್ಲೂ ಹಿರಿಯೂರಲ್ಲೂ ಹಳೇ ಸೆಟ್ಟುಗಳು ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮದೂ ಮುಚ್ಚಿದರೆ ತಲೆ ನೆರೆತ ಒಂಬತ್ತು ಜನ ಬೇರೆ ಕಸುಬು ಹುಡುಕಬೇಕು. ಊದುವುದು, ಬಾರಿಸುವುದು ಬಿಟ್ಟರೆ ನಮಗೆ ಇನ್ನೇನೂ ಬರುವುದಿಲ್ಲ. ಅದಕ್ಕೇ ಜನ ಯಾವ ಹಾಡು ಕೇಳಿದರೂ ಇಲ್ಲ ಅನ್ನಬಾರದು ಎಂದು ತೀರ್ಮಾನ ಮಾಡಿಕೊಂಡಿದ್ದೆವು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಯಾರೋ ಐದು ಜನ ಗೆಳೆಯರು ಒಂದು ಬ್ಯಾಂಡು ಕಟ್ಟಿಕೊಂಡು ಮೇಲೆ ಬರತೊಡಗಿದ್ದರು. ಅವರು ಮೇಲೆ ಬಂದಷ್ಟೂ ನಾನು ಹೈರಾಣಾದೆ.

ಕೊಬ್ಬರಿ ಶೆಡ್ಡು

ಅವರ ಹಾಡನ್ನು ನಮ್ಮ ಕೊರಳಿಗೆ ಮೊದಲು ಕಟ್ಟಿದ್ದು ಹಿರಿಯೂರಿನ ಒಬ್ಬ ಮದುಮಗಳು. ತೆಂಗಿನಕಾಯಿ ವ್ಯಾಪಾರದವರ ಮಗಳು, ಹೈಸ್ಕೂಲಿನಲ್ಲಿ ಟೀಚರು. "ಮೆರವಣಿಗೆಯಾಗೆ ಇದೇ ಹಾಡು ಬೇಕು ಮೇಷ್ಟ್ರೇ. ಇಡೀ ಪ್ರಪಂಚ ಕುಣೀತೈತೆ, ಹಿರಿಯೂರು ಕುಣೀಬಾರ್ದಾ?" ಎಂದು ಒಂದು ಸೀಡಿ ಕೈಗಿಟ್ಟಳು. ನನ್ನ ಮನೆಯಲ್ಲಿ ಸೀಡಿ ಹಾಕುವ ಪೆಟ್ಟಿಗೆ ಇರಲಿಲ್ಲ. ಹೊಸದುರ್ಗದ ಬಸ್‌ಸ್ಟ್ಯಾಂಡಿನ ಪಕ್ಕದ ಮೊಬೈಲ್ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಇಪ್ಪತ್ತು ಸಲ ಕೇಳಿ, ಸ್ವರ ಬರೆದುಕೊಂಡೆ.

ಅಂಗಡಿಯವನಿಗೆ ಆ ಐದೂ ಜನರ ಜಾತಕವೇ ಗೊತ್ತಿತ್ತು. ಅವರು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಪ್ರಾಕ್ಟೀಸ್ ಶುರುಮಾಡಿದರಂತೆ. ಮೊದಮೊದಲು ಕೇಳುವುದಕ್ಕೆ ಹತ್ತು ಜನರೂ ಬರುತ್ತಿರಲಿಲ್ಲವಂತೆ. ಆಮೇಲೆ ಒಂದು ಹಾಡು ಹತ್ತಿಕೊಂಡಿತಂತೆ, ಈಗ ವಿಮಾನ ಇಳಿದರೆ ಪೊಲೀಸರೇ ಬಂದು ಕರೆದುಕೊಂಡು ಹೋಗಬೇಕಂತೆ.

ನಾವು ಪ್ರಾಕ್ಟೀಸ್ ಮಾಡುತ್ತಿದ್ದದ್ದೂ ಶೆಡ್ಡಿನಲ್ಲೇ, ಕೊಬ್ಬರಿ ಒಣಹಾಕುವ ಶೆಡ್ಡು. ಈ ಕತೆಯನ್ನು ಅಲ್ಲಿ ಹೇಳಿದರೆ ನಮ್ಮವರಿಗೂ ಹುರುಪು ಬಂದೀತು ಎಂಬ ಆಸೆಯಿಂದ ಹೇಳಿದೆ. ಎಲ್ಲರೂ ಕೊಬ್ಬರಿ ಮೂಟೆಗೆ ಒರಗಿಕೊಂಡು ಕೇಳಿದರು. ನಮ್ಮ ಟ್ರಂಪೆಟ್‌ನವರು ನನಗಿಂತ ಎರಡು ವರ್ಷ ದೊಡ್ಡವರು, ಯಾವ ಮಾತಿಗೂ ಮುಖ ಅರಳಿಸಿದವರಲ್ಲ.

"ಎಷ್ಟು ವರ್ಷ ಆತಂತೆ ಅವರು ಊದಾಕೆ ಹತ್ತಿ?" ಎಂದರು.

"ಹತ್ತು ವರ್ಷ ಇರಬೋದು."

"ನಾವು ಮೂವತ್ತು ವರ್ಷದಿಂದ ಇದೇ ಶೆಡ್ಡಿನಾಗೆ ಊದ್ತಾ ಇದೀವಿ. ಯಾವ ದೇಶದೋರು ಕರೆದ್ರು ನಮ್ಮನ್ನ?"

ದೊಡ್ಡ ಡ್ರಮ್ಮಿನವನು ಸಮಾಧಾನ ಹೇಳುವ ದನಿಯಲ್ಲಿ ಹೇಳಿದ: "ಯಾಕಣ್ಣ, ಹೋದ ವರ್ಷ ಚನ್ನಗಿರಿಗೆ ಹೋಗಿದ್ವಲ್ಲ. ಅದು ಬ್ಯಾರೆ ಜಿಲ್ಲೆ."

ಅವರಿಗೆ ಯಾರು ಹೇಳಿಕೊಟ್ಟರು

ಹಿರಿಯೂರಿನಲ್ಲಿ ಹಾಡು ಹೇಗೋ ದಡ ಸೇರಿತು. ಜನ ಕುಣಿದರು. ಅಲ್ಲಿಂದ ನಮ್ಮ ಹೆಸರಿನ ಜೊತೆ ಆ ಹಾಡೂ ಅಂಟಿಕೊಂಡಿತು. ಮುಂದೆ ಹಿರೇಗುಂಟನೂರು ಕಡೆಯ ಕುರಿ ಸಾಕುವವರ ಮನೆಯ ಮದುವೆಗೆ ಕರೆ ಬಂತು. ಹೋಗಿ ನೋಡಿದರೆ ಅವರ ಪದ್ಧತಿಯಂತೆ ಡೊಳ್ಳಿನವರೂ ಬಂದಿದ್ದರು, ಹನ್ನೆರಡು ಜನ. ಒಂದೊಂದು ಡೊಳ್ಳೂ ನಮ್ಮ ದೊಡ್ಡ ಡ್ರಮ್ಮನ್ನು ಒಳಗೆ ಹಾಕಿಕೊಳ್ಳುವಷ್ಟಿತ್ತು.

ಬೀದಿಯಲ್ಲಿ ಅವರು ಮುಂದೆ, ನಾವು ಹಿಂದೆ. ಅವರು ಬಾರಿಸುವಾಗ ನಾವು ಊದಿದ್ದು ನಮಗೇ ಕೇಳಿಸುತ್ತಿರಲಿಲ್ಲ. ಬಿಸಿಲು ಬೇರೆ, ಕೋಟಿನೊಳಗೆ ಬೆವರು ಇಳಿದು ಕಾಲುಚೀಲ ಒದ್ದೆಯಾಗಿತ್ತು. ಕೊನೆಗೆ ಅವರು ನೀರು ಕುಡಿಯಲು ನಿಂತ ಸಮಯ ನೋಡಿ ನಾನು ಅಮೆರಿಕದ ಹಾಡಿಗೆ ಕೈ ಎತ್ತಿದೆ. ಇದಕ್ಕೆ ಅವರ ಹತ್ತಿರ ಜವಾಬಿಲ್ಲ ಎಂಬ ಧೈರ್ಯ.

ಎರಡು ಸಾಲು ಊದಿರಲಿಕ್ಕಿಲ್ಲ. ಡೊಳ್ಳಿನ ಮುಂದಾಳು ಅಜ್ಜ ಚೊಂಬು ಕೆಳಗಿಟ್ಟು ಡೊಳ್ಳು ಹೆಗಲಿಗೇರಿಸಿ ಶುರುಮಾಡೇಬಿಟ್ಟರು. ಒಂದು ಪೆಟ್ಟು ಆಚೀಚೆ ಆಗಲಿಲ್ಲ. ಹಾಡು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಾ ಅವರಿಗೆ ಮೊದಲೇ ಗೊತ್ತಿದ್ದ ಹಾಗಿತ್ತು. ನಾವು ಒಂದು ತಿಂಗಳು ಶೆಡ್ಡಿನಲ್ಲಿ ಪ್ರಾಣ ಬಿಟ್ಟು ಕಲಿತದ್ದನ್ನು ಅವರು ನಿಂತಲ್ಲೇ ಬಾರಿಸಿದರು. ನನಗೆ ಅಳು ಬರುವುದೊಂದು ಬಾಕಿ.

ಮುಗಿದ ಮೇಲೆ ಹೋಗಿ ಕೇಳಿದೆ. "ಅಜ್ಜಾ, ಈ ಹಾಡು ನಿಮಗೆ ಹೆಂಗೆ ಗೊತ್ತು?"

"ಇದಾ? ಇದು ನಮ್ಮಪ್ಪ ದೇವರ ಮುಂದೆ ಬಾರಿಸ್ತಿದ್ದ ಪೆಟ್ಟು. ನಿಮಗೆ ಯಾರು ಹೇಳ್ಕೊಟ್ರು?"

"ಇದು ಅಮೆರಿಕದೋರದು ಅಜ್ಜಾ. ಅಮೆರಿಕ ಅಂದ್ರೆ ಸಮುದ್ರದಾಚೆ, ಬಾಳ ದೂರ."

ಅಜ್ಜ ಮುಖ ಒರೆಸಿಕೊಂಡು, ಅನುಮಾನವೇ ಇಲ್ಲದೆ ಹೇಳಿದರು: "ಹಂಗಾದ್ರೆ ನಮ್ಮೋರು ಯಾರೋ ಮೇವು ಹುಡುಕ್ಕಂಡು ಕುರಿ ಹೊಡ್ಕಂಡು ಅಲ್ಲಿಗಂಟ ಹೋಗಿರಬೇಕು ಬಿಡು."

ಟೈಮಿಗೆ ಮುಂಚೆ

ವರ್ಷ ಕಳೆಯುವುದರೊಳಗೆ ಆ ಐದು ಜನ ಇನ್ನೂ ಮೇಲೆ ಹೋದರು. ಆಟೋದಲ್ಲಿ ಅದೇ ಹಾಡು, ಶಾಲೆಯ ವಾರ್ಷಿಕೋತ್ಸವದಲ್ಲಿ ಅದೇ ಹಾಡು, ಯಾರ ಮೊಬೈಲ್ ಬಡಿದುಕೊಂಡರೂ ಅದೇ ಹಾಡು. ಸಾವಿನ ಮನೆಯಲ್ಲಾದರೂ ಅದರಿಂದ ತಪ್ಪಿಸಿಕೊಂಡೇನು ಎಂದುಕೊಂಡಿದ್ದೆ. ಆಗಲಿಲ್ಲ.

ಚಿತ್ರದುರ್ಗದಲ್ಲಿ ತೊಂಬತ್ತು ದಾಟಿದ ಹಿರಿಯರೊಬ್ಬರು ತೀರಿಕೊಂಡರು. ತುಂಬು ಬಾಳು ಬಾಳಿದವರು, ಬ್ಯಾಂಡ್ ಇಟ್ಟೇ ಕಳಿಸಬೇಕು ಎಂದು ಮಕ್ಕಳ ಆಸೆ. ಮೊಮ್ಮಗಳೊಬ್ಬಳು ಕಣ್ಣೊರೆಸಿಕೊಳ್ಳುತ್ತಾ ಬಂದಳು. "ನನ್ನ ಫೋನಾಗೆ ಆ ಹಾಡು ಬಂದ್ರೆ ತಾತ ತಲೆ ಆಡಿಸ್ತಿದ್ರು. ಅದನ್ನೊಂದು ಊದ್ರಿ ಅಂಕಲ್" ಎಂದಳು. ಅಳುವ ಹುಡುಗಿಗೆ ಇಲ್ಲ ಅನ್ನುವುದು ಹೇಗೆ? ಟ್ರಂಪೆಟ್‌ನವರು ನನ್ನ ಕಡೆ ಒಂದು ನೋಟ ಬಿಟ್ಟು ತುಟಿ ಒದ್ದೆ ಮಾಡಿಕೊಂಡರು.

ನನಗೆ ಹೊಳೆಯದೇ ಹೋದದ್ದು ಒಂದೇ. ಹೆಗಲು ಕೊಟ್ಟವರು ಬ್ಯಾಂಡಿನ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾರೆ. ಸಾವಿನ ಹಾಡಾದರೆ ಹೆಜ್ಜೆ ನಿಧಾನ. ಇದು ಅಮೆರಿಕದ ಓಟದ ಹಾಡು. ದೊಡ್ಡಪೇಟೆ ದಾಟುವಷ್ಟರಲ್ಲಿ ಹೆಗಲು ಕೊಟ್ಟ ನಾಲ್ವರೂ ಅರ್ಧ ಓಡುತ್ತಿದ್ದರು. ಹಿಂದೆ ಬರುತ್ತಿದ್ದ ವಯಸ್ಸಾದವರು ಒಬ್ಬೊಬ್ಬರಾಗಿ ಅಂಗಡಿ ಜಗಲಿಗಳ ಮೇಲೆ ಕೂತರು. ನಿಧಾನ ಮಾಡೋಣವೆಂದರೆ ಮುಂದೆ ನಡೆಯುವ ನಮಗೆ ಹಿಂದಿನಿಂದ ಚಟ್ಟ ಬಂದು ಗುದ್ದುವ ಭಯ. ನಾವು ಹೆದರಿ ಇನ್ನೂ ಜೋರಾಗಿ ನಡೆದೆವು, ಅವರು ಇನ್ನೂ ಜೋರಾಗಿ ಬಂದರು.

ಸ್ಮಶಾನಕ್ಕೆ ಹೋದರೆ ಗುಂಡಿ ಮೊಳಕಾಲುದ್ದ ಆಗಿತ್ತು. ತೋಡುವವರು ಮರದ ಕೆಳಗೆ ಟೀ ಕುಡಿಯುತ್ತಿದ್ದರು. "ಇಷ್ಟು ಬೇಗ ಬಂದ್ರೆ ಹೆಂಗ್ರಿ?" ಎಂದು ಅವರೇ ನಮ್ಮ ಮೇಲೆ ರೇಗಿದರು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಎಪ್ಪತ್ತರ ಹಿರಿಮಗ ಏದುಸಿರು ಬಿಡುತ್ತಾ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು.

"ನಮ್ಮಪ್ಪ ಬದುಕಿರಾಗಂಟ ಯಾವ ಕಾರ್ಯಕ್ಕೂ ಟೈಮಿಗೆ ಹೋದೋನಲ್ಲ ಮೇಷ್ಟ್ರೇ. ಇದೇ ಮೊದಲು" ಎಂದರು.

ಒಂಟಿ ಸೀನು

ಇದು ಅದಾಗಿ ಎರಡು ವರ್ಷಕ್ಕೆ ಹೊಳಲ್ಕೆರೆಯಲ್ಲಿ ಆದದ್ದು. ಅಷ್ಟರಲ್ಲಿ ನಮ್ಮ ಪರಿಸ್ಥಿತಿ ಪೂರ್ತಿ ಹದಗೆಟ್ಟಿತ್ತು. ಆ ಹಂಗಾಮಿನಲ್ಲಿ ನಮಗೆ ಸಿಕ್ಕಿದ್ದು ಅದೊಂದೇ ಮದುವೆ. ಇದು ಕೆಟ್ಟರೆ ಕೋಟು ಬಿಚ್ಚಿಡೋಣ ಎಂದು ಟ್ರಂಪೆಟ್‌ನವರು ಬಸ್ಸಿನಲ್ಲೇ ಹೇಳಿದ್ದರು. ನಾವೂ ಹೂಂ ಅಂದಿದ್ದೆವು.

ಗಂಡಿನ ತಂದೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ನಮ್ಮುಡುಗಂದು ಒಂದೇ ಹಟ. ಗಟ್ಟಿಮೇಳಕ್ಕೆ ಆ ಅಮೆರಿಕದ ಹಾಡೇ ಬೇಕಂತೆ. ಚೆಂದಾಗಿ ಮಾಡ್ರಿ, ಇನ್ನಿಬ್ರು ಹೆಣ್ಮಕ್ಕಳ ಮದುವೇನೂ ನಿಮ್ಗೇ. ಎಡವಟ್ಟಾತು ಅಂದ್ರೆ ಡೀಜೆಯೋನು ಹೆಂಗಿದ್ರೂ ಅವ್ನೆ."

ತಾಳಿ ಕಟ್ಟುವ ಹೊತ್ತಿನಲ್ಲಿ ಅಪಶಕುನದ ಸದ್ದು ಯಾವುದೂ ಕಿವಿಗೆ ಬೀಳದಿರಲಿ ಎಂದೇ ಅಲ್ಲವೇ ಗಟ್ಟಿಮೇಳ ಇರುವುದು? ಈ ಹಾಡಿನಲ್ಲಿ ನಟ್ಟ ನಡುವೆ ಒಂದು ಜಾಗ ಇದೆ. ಅಲ್ಲಿ ಎಲ್ಲಾ ವಾದ್ಯವೂ ಗಪ್ಪನೆ ನಿಂತು, ನಾಲ್ಕು ಎಣಿಸಿ, ಮತ್ತೆ ಸಿಡಿಯಬೇಕು. ಅಮೆರಿಕದಲ್ಲಿ ಜನ ಅದಕ್ಕೇ ಹುಚ್ಚೆದ್ದು ಕೂಗುತ್ತಾರಂತೆ. "ಇವತ್ತು ಅಲ್ಲಿ ಯಾರೂ ನಿಲ್ಲಿಸಬ್ಯಾಡ್ರಪ್ಪಾ, ಡ್ರಮ್ ಬಾರಿಸ್ತಾನೇ ಇರ್ಲಿ" ಎಂದು ಒಬ್ಬೊಬ್ಬರಿಗೂ ಹೇಳಿದೆ. ಎಲ್ಲರೂ ತಲೆ ಆಡಿಸಿದರು.

ಪುರೋಹಿತರು ಬೆರಳು ಆಡಿಸಿದರು. ಹಾಡು ಶುರುವಾಯಿತು. ಹೋಮದ ಹೊಗೆ ನೇರ ನನ್ನ ಮುಖಕ್ಕೆ ಬರುತ್ತಿತ್ತು, ಕೋಟಿನ ನುಸಿಗುಳಿಗೆ ವಾಸನೆ ಬೇರೆ. ಮೂಗಿನೊಳಗೆ ಒಂದು ಸೀನು ಎದ್ದು ಕೂತಿತು. ಬಾಯಲ್ಲಿ ಕ್ಲಾರಿನೆಟ್ ಇದ್ದುದರಿಂದ ಹೇಗೋ ತಡೆದುಕೊಂಡೆ. ಮದುಮಗ ತಾಳಿ ಎತ್ತಿದ. ಅಷ್ಟರಲ್ಲಿ ಆ ಜಾಗ ಬಂತು. ಮೂರು ವರ್ಷ ಬಾರಿಸಿ ಬಾರಿಸಿ ಕೈಗಳಿಗೆ ಅಭ್ಯಾಸವಾಗಿಹೋಗಿತ್ತಲ್ಲ, ಒಂಬತ್ತೂ ಜನ ಗಪ್ಪನೆ ನಿಂತೆವು. ಛತ್ರಕ್ಕೆ ಛತ್ರವೇ ನಿಶ್ಶಬ್ದ.

ನಾನು ಸೀನಿದೆ.

"ಒಂಟಿ ಸೀನು!" ಎಂದು ಮದುಮಗನ ಅಜ್ಜಿ ಎದೆಗೆ ಕೈ ಹಚ್ಚಿದರು. ಮದುಮಗನ ಕೈ ಹಾಗೇ ಗಾಳಿಯಲ್ಲಿ ನಿಂತಿತು. "ಕಟ್ಲಾ, ಬ್ಯಾಡ್ವಾ?" ಎಂದು ಕೇಳಿದ. "ತಡಿಯಪ್ಪ, ಎರಡನೇದು ಬರ್ಲಿ" ಎಂದರು ಅಜ್ಜಿ. ಎರಡು ಸೀನಾದರೆ ದೋಷವಿಲ್ಲ. ಇಡೀ ಛತ್ರ ನನ್ನ ಮೂಗನ್ನೇ ನೋಡತೊಡಗಿತು.

ಬರಲಿಲ್ಲ. ಯಾರೋ ನಶ್ಯದ ಡಬ್ಬಿ ತಂದರು. ಮೂವತ್ತು ವರ್ಷದಿಂದ ನಶ್ಯ ಏರಿಸುತ್ತಿರುವ ಮೂಗು ನನ್ನದು, ಅದಕ್ಕೆ ಅದು ಯಾವ ಮೂಲೆಗೆ? ಇನ್ನೊಬ್ಬರು ದಾರ ಹೊಸೆದು ಮೂಗಿಗೆ ತೂರಿಸಿದರು. ಮತ್ತೊಬ್ಬರು ಬಾಗಿಲಿಗೆ ಎಳೆದುಕೊಂಡು ಹೋಗಿ ಸೂರ್ಯನನ್ನು ನೋಡಿಸಿದರು. ಕಣ್ಣಲ್ಲಿ ನೀರು ಬಂತೇ ಹೊರತು ಸೀನು ಬರಲಿಲ್ಲ. ಪುರೋಹಿತರು ಗಡಿಯಾರ ನೋಡಿಕೊಂಡು "ಮುಹೂರ್ತ ಮೀರ್ತೈತೆ, ಬೇಗ ಸೀನ್ರಿ" ಎಂದು ಗದರಿದರು. ಇಷ್ಟು ವರ್ಷದ ದುಡಿಮೆ ಒಂದು ಸೀನಿಗೆ ಬಂದು ನಿಂತಿತಲ್ಲ ಎಂದುಕೊಂಡು ನಾನೇ ಇನ್ನೊಂದು ಚಿಟಿಕೆ ನಶ್ಯ ಏರಿಸಿದೆ.

ಆಗ ಅಡುಗೆ ಭಟ್ಟರು ಒಂದು ಬಾಣಲೆ ಹಿಡಿದು ಓಡಿಬಂದರು. ಅದರೊಳಗೆ ಹೊತ್ತಿ ಕರಿಯಾಗುತ್ತಿದ್ದ ಬ್ಯಾಡಗಿ ಮೆಣಸಿನಕಾಯಿ. ಘಾಟು ಎದ್ದದ್ದೇ ತಡ, ಪುರೋಹಿತರು ಸೀನಿದರು. ಮದುಮಗ ಸೀನಿದ. ಮದುಮಗಳು ನಾಲ್ಕು ಸಲ ಸೀನಿದಳು. ಬೀಗರು, ವಿಡಿಯೋದವನು, ಮುಂದಿನ ಹತ್ತು ಸಾಲು ಕುರ್ಚಿ, ನನ್ನ ಎಂಟೂ ಜನ, ಎಲ್ಲರೂ ಸೀನಿದರು. ನಾನೊಬ್ಬನೇ ಕಂಬದ ಹಾಗೆ ನಿಂತಿದ್ದೆ. "ಒಂಟಿ ಹೋಗಿ ನೂರಾತು, ಕಟ್ಟಪ್ಪಾ!" ಎಂದು ಪುರೋಹಿತರು ಸೀನುಗಳ ನಡುವೆಯೇ ಕೂಗಿದರು. ಆ ಗದ್ದಲದಲ್ಲೇ ಮೂರೂ ಗಂಟು ಬಿದ್ದವು.

ಆದರೆ ಅಜ್ಜಿ ಒಪ್ಪಲಿಲ್ಲ. "ಬ್ಯಾರೆಯೋರ ಸೀನು ಲೆಕ್ಕಕ್ಕೆ ಬರಲ್ಲ. ಮೊದಲನೇದು ಯಾರ್ದೋ ಎರಡನೇದೂ ಅವ್ರದ್ದೇ ಆಗ್ಬೇಕು. ಅಲ್ಲಿಗಂಟ ನಾನು ಉಣ್ಣಲ್ಲ" ಎಂದು ಬಡಿಸಿದ ಎಲೆಯ ಮುಂದೆ ಕೈಕಟ್ಟಿ ಕೂತರು. ಗಂಡಿನ ತಂದೆ ನನ್ನ ಮುಖವನ್ನೂ ನೋಡಲಿಲ್ಲ. "ನಮ್ಮವ್ವ ಉಪವಾಸ ಕುಂತವ್ಳೆ. ಇನ್ನೇನು ಮಾತು, ಹೋಗಿ ಬರ್ರಿ" ಎಂದರು.

ಮಧ್ಯಾಹ್ನದ ಬಸ್ಸಿನಲ್ಲಿ ಒಂಬತ್ತು ಜನರೂ ಊರಿಗೆ ಹೊರಟೆವು. ಟ್ರಂಪೆಟ್‌ನವರು ಆಗಲೇ ಕೋಟು ಬಿಚ್ಚಿ ಮಡಿಸುತ್ತಿದ್ದರು. ನನಗೆ ಜೊಂಪು ಹತ್ತಿತ್ತು. ಕಂಡಕ್ಟರ್ ಬಂದು ಟಿಕೆಟ್ ಎಂದು ಭುಜ ತಟ್ಟಿದ. ತಿರುಗಿ ಬಾಯಿ ತೆರೆದೆ, ಬಸ್ಸು ಅದುರುವಂಥ ಒಂದು ಸೀನು ಬಂತು.

ಎಂಟೂ ಜನ ಎದ್ದು ನಿಂತು ಕೂಗಿದ ಕೂಗಿಗೆ ಡ್ರೈವರು ಬ್ರೇಕ್ ಹಾಕಿದ. ಟ್ರಂಪೆಟ್‌ನವರು ಗಂಡಿನ ತಂದೆಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು. "ಬಂತು ಸ್ವಾಮೀ, ಎರಡನೇದೂ ಬಂತು! ಅಜ್ಜೀನ ಊಟಕ್ಕೆ ಕುಂತ್ಕಳಾಕೆ ಹೇಳ್ರಿ!" ಅಜ್ಜಿ ತಾವೇ ಫೋನ್ ಕಸಿದುಕೊಂಡರು. "ಸುಳ್ಳು ಹೇಳಬ್ಯಾಡ್ರಿ. ನೋಡಿದೋರು ಯಾರು?" ಎಂದರು. ಕಂಡಕ್ಟರ್ ಮುಖ ಒರೆಸಿಕೊಳ್ಳುತ್ತಾ ಫೋನ್ ಇಸಿದುಕೊಂಡ. "ನಾನು ಕಂಡಕ್ಟ್ರು ಕಣಜ್ಜಿ. ನೋಡೋದೇನು ಬಂತು, ನನ್ನ ಮ್ಯಾಲೇ ಬಿತ್ತು."

ಆ ಕಡೆಯಿಂದ ತುತ್ತು ಅಗಿಯುವ ಸದ್ದು ಕೇಳಿಸಿತು. "ಆ ಮೇಷ್ಟ್ರಿಗೆ ಕೊಡಪ್ಪ" ಎಂದರು ಅಜ್ಜಿ. ನಾನು ಎದ್ದು ನಿಂತೇ ಫೋನ್ ಹಿಡಿದೆ.

"ಮುಂದಿನ ತಿಂಗ್ಳು ನಮ್ಮ ಮೊಮ್ಮಗಳ ಮದುವೆ ಐತೆ, ನೀವೇ ಬರ್ಬೇಕು. ಅಮೆರಿಕದ್ದಾದ್ರೂ ಊದು, ಎಲ್ಲೀದಾದ್ರೂ ಊದು. ಆದ್ರೆ ಸೀನಾದು ಮಾತ್ರ ಎರಡನ್ನೂ ಮನೆಯಾಗೇ ಮುಗಿಸ್ಕಂಡು ಬಾರಪ್ಪ."