ಕಂಬಳಿ ನವಿಲು

ಗುಬ್ಬಿಯ ಟೈಲರ್ ಕನಕರಾಜುವಿಗೆ ಇದ್ದದ್ದು ಒಂದೇ ಆಸೆ. ತನ್ನ ಹೆಸರನ್ನು ಒಮ್ಮೆಯಾದರೂ ಮೈಕಿನಲ್ಲಿ ಕೂಗಬೇಕು! ಇಪ್ಪತ್ತು ವರ್ಷ ಮಿಷನ್ ತುಳಿದರೂ ಊರಿನ ಬಾಯಲ್ಲಿ ಅವನು ಬರೀ 'ಲಂಗದ ಕನಕ'.

ಎರಡು ಸಾವಿರದ ನಾಲ್ಕರಲ್ಲಿ ತುಮಕೂರಿಗೆ ಅಂತರರಾಷ್ಟ್ರೀಯ ಉಡುಗೆ-ಕಲೆ ಸ್ಪರ್ಧೆಯ ಮೊದಲ ಸುತ್ತು ಬಂತು. ಯಾವುದರಿಂದ ಮಾಡಿದರೂ ಸರಿ, ಮನುಷ್ಯ ತೊಟ್ಟು ಸ್ಟೇಜಿನ ಮೇಲೆ ನಡೆಯಬೇಕು. ಗೆದ್ದವರಿಗೆ ಫಾರಿನ್ನಿನಲ್ಲಿ ಫೈನಲ್. ಕನಕರಾಜು ಅರ್ಜಿ ಹಾಕಿದವನೇ ಮೂರು ತಿಂಗಳು ಕೂತು ಕರಿಕಂಬಳಿಯಲ್ಲಿ ಆಳೆತ್ತರದ ನವಿಲು ಹೊಲಿದ. ಗರಿಗೊಂದು ತೆಂಗಿನ ಚಿಪ್ಪಿನ ಕಣ್ಣು.

ಸ್ಪರ್ಧೆಯ ದಿನ ಬೀದಿಗೆ ಬೀದಿಯೇ ಬಸ್ ಹತ್ತಿತು. ಬೀರಲಿಂಗೇಶ್ವರನ ಗುಡಿಯ ಪೂಜಾರಿ ಬೀರಯ್ಯ, "ನನ್ನ ಬುಟ್ಟು ಹೋಯ್ತೀಯೇನ್ಲಾ?" ಎಂದು ತಾನೂ ಹತ್ತಿ ನವಿಲಿನ ಮೇಲೆ ಒಂದು ಸೇರು ಭಂಡಾರ ಸುರಿದ. ಕಂಬಳಿಯೆಲ್ಲ ಅರಿಶಿನ. ಕಂಡಕ್ಟರ್ ನವಿಲಿಗೂ ಎರಡು ಟಿಕೆಟ್ ಹರಿದ.

ನವಿಲು ತೊಡಬೇಕಿದ್ದವಳು ಹೆಂಡತಿಯ ಅಣ್ಣನ ಮಗಳು ತನುಶ್ರೀ. ಸ್ಟೇಜಿನ ಹಿಂದೆ ಒಂದು ತೋಳು ತೂರಿಸಿದವಳೇ ಕಿರುಚಿದಳು.

"ಅಯ್ಯಪ್ಪಾ, ಚುಚ್ತದೆ ಮಾವ! ನಾನ್ ಹಾಕ್ಕಳಲ್ಲ."

"ಇನ್ಯಾರೇ ಹಾಕ್ಕೊಳ್ಳೋದು?"

"ಹೊಲ್ದೋರೇ ಹಾಕ್ಕೊಳ್ಲಿ" ಎಂದಳು ಹೆಂಡತಿ ಸಿದ್ದಲಕ್ಷ್ಮಮ್ಮ.

ಬೇರೆ ದಾರಿಯೇ ಇರಲಿಲ್ಲ. ಕನಕರಾಜು ಒಳಗೆ ಹೊಕ್ಕ, ಹೆಂಡತಿ ನೆತ್ತಿಯವರೆಗೂ ಜಿಪ್ಪು ಎಳೆದಳು. ಸ್ಟೇಜಿನ ನಡುವೆ ಬರುವಷ್ಟರಲ್ಲಿ ನವೆ ಶುರುವಾಯಿತು. ಬೆನ್ನು ಒದರಿದ, ಸೊಂಟ ಉಜ್ಜಿದ, ಒಂಟಿ ಕಾಲಲ್ಲಿ ಕುಣಿದ. ಒದರಿದಷ್ಟೂ ಭಂಡಾರ ಎದ್ದು ದೀಪದ ಬೆಳಕಿನಲ್ಲಿ ಹೊನ್ನಿನ ಮೋಡವಾಯಿತು. ಫಾರಿನ್ ಜಡ್ಜುಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಭಾಂಗಣ ಹಾರಿಹೋಗುವಂಥ ಶಿಳ್ಳೆ! ಒಳಗಿದ್ದ ಕನಕರಾಜು ಆನಂದಕ್ಕೆ ಅಳುತ್ತಲೇ ಕೆರೆದುಕೊಂಡ.

ಮೈಕು ಗಂಟಲು ಸರಿಮಾಡಿಕೊಂಡಿತು. "ಪ್ರಥಮ ಬಹುಮಾನ... ಶ್ರೀ ಬೀರಲಿಂಗೇಶ್ವರ ಪ್ರಸನ್ನ, ಗುಬ್ಬಿ!"

ಕನಕರಾಜುವಿಗೆ ಅರ್ಜಿ ನೆನಪಾಯಿತು. ಯಾವ ಕಾಗದವಾದರೂ ಸರಿ, ತಲೆಯ ಮೇಲೆ ದೇವರ ಹೆಸರು ಬರೆಯದೆ ಅವನ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲ. ಅರ್ಜಿಯಲ್ಲೂ ಮೊದಲ ಗೆರೆಯಲ್ಲೇ ದೇವರನ್ನು ಬರೆದಿದ್ದ. ಆ ಗೆರೆ ಇದ್ದದ್ದು ಸ್ಪರ್ಧಿಯ ಹೆಸರಿಗೆ. ಅವನ ಹೆಸರು ಕೆಳಗೆ ವಿಳಾಸದಲ್ಲಿ ಸೇರಿಹೋಗಿತ್ತು.

"ನಂದು ಕಣ್ರೀ ಅದು, ನಂದು!" ಎಂದು ಅರಚಿದ. ಕಂಬಳಿ ದಪ್ಪ, ಮಾತು ಹೊರಗೆ ಬರಲಿಲ್ಲ, ಜಿಪ್ಪು ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಬೀರಯ್ಯ ಸ್ಟೇಜು ಹತ್ತಿ, "ಸ್ವಾಮಿ ಪರ್ವಾಗಿ ನಾನೇ" ಎಂದು ಬಹುಮಾನದ ಕಪ್ಪನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡ. ನಮ್ಮ ದೇವರು ಗೆದ್ದ ಎಂದು ಬೀದಿಯವರೆಲ್ಲ ಕುಣಿದರು.

ವಾಪಸ್ ಬಸ್ಸಿನಲ್ಲಿ ಕನಕರಾಜು ಮೆಲ್ಲಗೆ ಬಾಯಿಬಿಟ್ಟ. "ಬೀರಣ್ಣ, ಕಪ್ಪು ನಂದು..."

"ಬುಡ್ಲಾ, ದೇವ್ರ ಹೆಸರಿಗೆ ಬಂದಿದ್ನ ಯಾರಾದ್ರೂ ವಾಪಸ್ ಕೇಳ್ತಾರಾ? ಗುಡೀಲಿರ್ತದೆ, ದಿನಾ ಬಂದು ನೋಡ್ಕಂಡು ಹೋಗು." ಬೀರಯ್ಯ ಕಪ್ಪಿನೊಳಗಿಂದ ಒಂದು ಕಾಗದ ತೆಗೆದ. "ಫೈನಲ್‌ಗೂ ಸ್ವಾಮಿ ಪರ್ವಾಗಿ ನಾನೇ ಹೋಗ್ಬೇಕಂತೆ. ಅಲ್ಲಿ ಪಂಚೆಗೆ ಚಳಿ ತಡೆಯಕಿಲ್ವಂತೆ ಕಣೋ. ನಂಗೊಂದ್ ಪ್ಯಾಂಟ್ ಹೊಲ್ಕೊಡು."

ಬೀರಯ್ಯ ಎದ್ದು ನಿಂತು ಕೈ ಎತ್ತಿದ. ಕನಕರಾಜು ಜೇಬಿನಿಂದ ಟೇಪು ತೆಗೆದು, ಓಲಾಡುವ ಬಸ್ಸಿನಲ್ಲೇ ಅವನ ಸೊಂಟದ ಅಳತೆ ಹಿಡಿದ.