ಕೋತಿಯ ಕುರ್ಚಿಯಲ್ಲಿ ಮಾವ

ಪ್ರಯೋಗಾಲಯದ ಕೋತಿಗೆ ಪ್ರತಿ ಭಾನುವಾರ ರಜೆ. ಅದನ್ನು ನೋಡಿಕೊಳ್ಳುವವನಿಗೆ ಹನ್ನೊಂದು ವರ್ಷದಲ್ಲಿ ಒಂದು ಭಾನುವಾರವೂ ರಜೆ ಕೊಟ್ಟಿಲ್ಲ.

ಕೋತಿಯ ರಜೆಗೆ ನಿಯಮವಿತ್ತು. ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದರು. ನೋಡಿಕೊಳ್ಳುವವನ ರಜೆಗೆ ಪ್ರಯೋಗ ನಡೆಸುವ ಡಾಕ್ಟರಮ್ಮನ ಮುಖವೇ ನಿಯಮ. ಅಲ್ಲಿ ಎಲ್ಲರೂ ಅವನನ್ನು ಮಾವ ಅನ್ನುತ್ತಿದ್ದರು. ಹಾಗೆ ಕರೆದು ಕೆಲಸ ಹೇಳುವುದು ಸಲೀಸು.

ಈ ಭಾನುವಾರ ಮಾವ ಗಟ್ಟಿ ಮನಸ್ಸು ಮಾಡಿ ಬಂದಿದ್ದ. ಸಂಜೆ ನಾಲ್ಕಕ್ಕೆ ಮಗಳ ನೂರು ಮೀಟರ್ ಓಟದ ಫೈನಲ್. ಅವಳು ಓಡುವುದನ್ನು ಅವನು ಇದುವರೆಗೆ ಕಣ್ಣಾರೆ ಕಂಡಿರಲಿಲ್ಲ.

"ಅಮ್ಮಾ, ಇವತ್ತು ಮಗಳ ಓಟ. ಮೂರೂವರೆಗೆ ಬಿಟ್ಟರೆ..."

"ಓಟ ಆಮೇಲೆ ಮಾವ, ಈಗ ನಾವು ಮುಳುಗ್ತಾ ಇದೀವಿ!" ಡಾಕ್ಟರಮ್ಮ ಏದುಸಿರು ಬಿಟ್ಟರು. "ತಪಾಸಣೆಯವರು ಬಂದಿದಾರೆ. ಬರೋಕೆ ಅವರಿಗೆ ಪುರುಸೊತ್ತು ಸಿಕ್ಕಿದ್ದು ಇವತ್ತೇ. ಪ್ರಯೋಗ ನಡೆಸಿ ತೋರಿಸಿ ಅಂತಾರೆ, ಕೋತೀನ ಮುಟ್ಟಿದರೆ ಲ್ಯಾಬಿಗೇ ಬೀಗ ಹಾಕ್ತಾರೆ. ನೀವೇ ಕೂತ್ಕೊಳ್ಳಿ."

"ಕೋತಿ ಜಾಗದಲ್ಲಾ?"

"ಅದೂ ವಾನರ ಕುಲ, ನಾವೂ ವಾನರ ಕುಲ. ಇಪ್ಪತ್ತು ಸಲ ಸರಿಯಾಗಿ ಮಾಡಿ, ಎದ್ದು ಮಗಳ ಓಟಕ್ಕೆ ಹೋಗಿ. ನನ್ನ ಮಾತು."

ಕುರ್ಚಿ ಕೋತಿಯ ಅಳತೆಯದು. ಮಾವ ಅದರೊಳಗೆ ಇಳಿದದ್ದು ದಿಂಬನ್ನು ಲೋಟಕ್ಕೆ ತುರುಕಿದ ಹಾಗಿತ್ತು. ತಲೆಗೆ ವೈರುಗಳ ಟೋಪಿ ಹಾಕಿ, ಬಾಯಿಗೆ ಹಣ್ಣಿನ ರಸದ ಕೊಳವೆ ಇಟ್ಟರು. ಪಕ್ಕದ ಪಂಜರದಲ್ಲಿ ಕೋತಿ ಕಡಲೆಕಾಯಿ ಬಿಡಿಸುತ್ತ, ಹೆಣ್ಣು ನೋಡಲು ಬಂದ ಬೀಗರ ಗತ್ತಿನಲ್ಲಿ ಕೂತಿತ್ತು.

ಸಂಶೋಧನೆಯ ಹುಡುಗಿ ವಿವರಿಸಿದಳು: "ಪರದೆ ಮೇಲೆ ಹಸಿರು ಚುಕ್ಕೆ ಬಂದರೆ ಥಟ್ಟನೆ ಮುಟ್ಟಿ ಮಾವ. ಆದರೆ ಕೈ ಹೊರಟ ಮೇಲೆ ಕೆಂಪು ಬಂತೋ, ಮುಟ್ಟಬಾರದು. ನಡುದಾರೀಲೇ ನಿಲ್ಲಿಸಬೇಕು. ಸರಿಯಾದರೆ ಒಂದು ಹನಿ ರಸ."

"ಹೊರಟ ಕೈಯನ್ನ ನಿಲ್ಲಿಸೋದು ಹೇಗಮ್ಮ?"

"ಅದನ್ನೇ ಮಾವ ನಾವು ಹನ್ನೊಂದು ವರ್ಷದಿಂದ ಹುಡುಕ್ತಾ ಇರೋದು."

ಹಸಿರು ಬಂತು, ಮಾವನ ಕೈ ಹೋಯಿತು. ಕೆಂಪು ಬಂತು, ಆಗಲೂ ಹೋಯಿತು. ಕರೆದ ಕೂಡಲೇ ಓಡಿ ಹೋಗಿ ಪಳಗಿದ ಮೈ. 'ಬೇಡ' ಎಂಬ ಸುದ್ದಿ ಅದಕ್ಕೆ ತಲುಪುವ ಹೊತ್ತಿಗೆ ಕೆಲಸ ಮುಗಿದೇ ಹೋಗಿರುತ್ತಿತ್ತು. ಒಂಬತ್ತು ಕೆಂಪು ಬಂದವು, ಒಂಬತ್ತೂ ತಪ್ಪು.

ತಪಾಸಣೆಯ ಹಿರಿಯರು ಕನ್ನಡಕ ತೆಗೆದರು. "ಕೋತಿ ಹತ್ತಕ್ಕೆ ಆರು ಸಲ ನಿಲ್ಲಿಸುತ್ತೆ ಅಂತ ಬರೆದಿದೀರಿ."

"ಇವರು ಹೊಸಬರು ಸಾರ್" ಎಂದರು ಡಾಕ್ಟರಮ್ಮ.

ಗಡಿಯಾರ ಮೂರು ಬಾರಿಸಿತು. ಗೇಟು ಕಾಯುವವನು ಟೀ ತಂದವನು ಹೋಗದೆ ಅಲ್ಲೇ ನಿಂತಿದ್ದ. ಮಾವನ ಕಿವಿಯ ಹತ್ತಿರ ಬಗ್ಗಿದ. "ಅಲ್ಲ ಮಾರಾಯ, ಈಯಮ್ಮ ಕೂಗಾಡುವಾಗ ನಾಲಿಗೆ ತುದಿಗೆ ಬಂದ ಮಾತನ್ನ ದಿನಾ ನುಂಗ್ತೀಯಲ್ಲ? ಹಾಗೇ ಕೈಯನ್ನೂ ನುಂಗು."

ಮಾವನ ಕಣ್ಣು ಅರಳಿತು.

ಮುಂದಿನ ಕೆಂಪಿಗೆ, ಹೆಂಡತಿ ಆಸ್ಪತ್ರೆಯಲ್ಲಿದ್ದ ದಿನ 'ಕೋತಿಗೆ ಬಾಳೆಹಣ್ಣು ಯಾರು ಕೊಡ್ತಾರೆ' ಎಂದು ಕೇಳಿದ ಡಾಕ್ಟರಮ್ಮನಿಗೆ ಕೊಡದ ಉತ್ತರವನ್ನು ನೆನೆದ. ಕೈ ಗಾಳಿಯಲ್ಲಿ ಗಕ್ಕನೆ ನಿಂತಿತು. ಬಾಯಿಗೆ ರಸ ಬಿತ್ತು. ಅದರ ಮುಂದಿನದಕ್ಕೆ ಇನ್ನೊಂದು ನುಂಗಿದ ಮಾತು. ಸರಕಿಗೇನೂ ಬರವಿರಲಿಲ್ಲ. ಹತ್ತು, ಹದಿನೈದು, ಇಪ್ಪತ್ತು!

ಕೋತಿ ಕಡಲೆಕಾಯಿ ತಿನ್ನುವುದನ್ನು ಬಿಟ್ಟು ನೋಡಿತು.

"ಏನ್ರೀ ಇದು!" ಹಿರಿಯರು ಎದ್ದು ನಿಂತರು. "ಇಷ್ಟು ಬೇಗ ನಿಲ್ಲೋ ಕೈಯನ್ನ ನಾನು ನೋಡೇ ಇಲ್ಲ. ಎಲ್ಲಿ ತರಬೇತಿ ಆಯ್ತು ನಿಮಗೆ?"

"ಇಲ್ಲೇ ಸಾರ್" ಎಂದ ಮಾವ ವಿನಯದಿಂದ. "ಇಪ್ಪತ್ತಾಯ್ತು, ನಾನಿನ್ನು..."

"ಇನ್ನೊಂದು ನೂರು ಆಗಲಿ!"

ಡಾಕ್ಟರಮ್ಮ ಮಾವನ ಕಡೆ ನೋಡಲಿಲ್ಲ. 'ಮಾತು ಕೊಟ್ಟಿದ್ದಿರಲ್ಲಮ್ಮ' ಎಂಬುದನ್ನೂ ಮಾವ ನುಂಗಿದ. ಅದೂ ಒಂದು ಕೆಂಪಿಗೆ ಒದಗಿತು.

ನೂರು ಮುಗಿಯುವಾಗ ನಾಲ್ಕೂ ಇಪ್ಪತ್ತು. ಹಿರಿಯರು ಡಾಕ್ಟರಮ್ಮನ ಕೈ ಕುಲುಕಿ ಸಾರಿದರು: "ನಿಮ್ಮ ಕೆಲಸ ಮುಂದುವರಿಯಲಿ. ಕೋತಿ ವಾರವೆಲ್ಲ ಕೂರಲಿ, ಭಾನುವಾರ ಇವರು ಕೂರಲಿ. ಪ್ರತಿ ಭಾನುವಾರ!"

ಮಾವ ಕುರ್ಚಿಯಿಂದ ಏಳಲು ನೋಡಿದ. ಕುರ್ಚಿಯೂ ಅವನ ಜೊತೆಗೇ ಎದ್ದಿತು.

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಓಟದ ಬೂಟುಗಳನ್ನು ಕೈಯಲ್ಲಿ ಹಿಡಿದು, ಕೆಂಡದಂಥ ಮುಖ ಮಾಡಿಕೊಂಡು ಮಗಳು ನಿಂತಿದ್ದಳು.

"ಅಪ್ಪಾ, ನೀನು ಬರ್ತೀನಿ ಅಂದಿದ್ದೆ."

"ಏನಾಯ್ತು ಪುಟ್ಟಿ? ಗೆದ್ದೆಯಾ?"

"ಎಲ್ಲಿ ಗೆಲ್ಲೋದು? ನೀನು ಬಂದ್ಯಾ ಅಂತ ಗೇಟಿನ ಕಡೆ ನೋಡ್ತಾ ಇದ್ದೆ. ಪಕ್ಕದವಳು ಕೊಂಚ ಅಲುಗಾಡಿದಳು, ಸೀಟಿ ಊದೋ ಮೊದಲೇ ನನ್ನ ಕಾಲು ಓಡಿಬಿಡ್ತು. ನಿಲ್ಲಿಸೋಕೆ ಆಗಲೇ ಇಲ್ಲ. ಹೊರಗೆ ಹಾಕಿದರು."

ಇದನ್ನು ಕೇಳಿ ಹಿರಿಯರು ಕುಣಿದಾಡುವುದೊಂದು ಬಾಕಿ. "ಕೇಳಿದಿರಾ ಡಾಕ್ಟ್ರೇ? ಅಪ್ಪನ ಕೈ ಯಾವಾಗ ಬೇಕಾದರೂ ನಿಲ್ಲುತ್ತೆ, ಮಗಳ ಕಾಲು ನಿಲ್ಲೋದೇ ಇಲ್ಲ! ಒಂದೇ ರಕ್ತ! ಇವಳನ್ನೂ ಕೂರಿಸಿ. ಈಗಲೇ!"

"ಮಾವ, ನೀವು ಎದ್ದು ಮಗಳಿಗೆ ಟೋಪಿ ಹಾಕಿ" ಎಂದರು ಡಾಕ್ಟರಮ್ಮ.

ಸಂಶೋಧನೆಯ ಹುಡುಗಿ ಕುರ್ಚಿ ಹಿಡಿದುಕೊಂಡಳು, ಗೇಟಿನವನು ಮಾವನನ್ನು ಬಾಟಲಿಯ ಬಿರಡೆಯಂತೆ ಎಳೆದು ತೆಗೆದ. ಮಾವ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಗಳ ಮುಂದೆ ನೆಲ ನೋಡುತ್ತ ನಿಂತ.

"ಕೂತ್ಕೋ ಮಗು" ಎಂದರು ಹಿರಿಯರು ಅಕ್ಕರೆಯಿಂದ. "ಐದೇ ನಿಮಿಷ. ರಸ ಕೊಡ್ತೀವಿ."

ಮಗಳು ಅಪ್ಪನನ್ನು ನೋಡಿದಳು, ಕುರ್ಚಿಯನ್ನು ನೋಡಿದಳು.

"ಕೂರಲ್ಲ."