ಮುಂಗಡ ಅನುಮತಿ ಪಡೆಯದ ಜಲಪಾತ

ಹತ್ಸುನೊ ಪಟ್ಟಣದ ಪ್ರವಾಸ ಶಾಖೆಯ ಪ್ರಕಾರ ಜಲಪಾತಗಳಲ್ಲಿ ಎರಡು ಬಗೆ: ನಿರೀಕ್ಷಿತ ಮತ್ತು ಅನಿರೀಕ್ಷಿತ. ಸರ್ಕಾರದ ಸಹಾಯಧನ ಅನಿರೀಕ್ಷಿತ ಜಲಪಾತಕ್ಕೆ ಮಾತ್ರ. ಆದಕಾರಣ ಪಟ್ಟಣದ ಏಕೈಕ ಜಲಪಾತವನ್ನು ಅನಿರೀಕ್ಷಿತವೆಂದು ಘೋಷಿಸಿ, ರಸ್ತೆಯುದ್ದಕ್ಕೂ 'ಅನಿರೀಕ್ಷಿತ ಜಲಪಾತಕ್ಕೆ ದಾರಿ' ಎಂಬ ಫಲಕಗಳನ್ನು ನೆಡಲಾಯಿತು.

ಭಾನುವಾರದ ಬಸ್ ಪ್ರವಾಸದಲ್ಲಿ ಜನರನ್ನು ಆಶ್ಚರ್ಯಪಡಿಸುವ ಹೊಣೆ ಮಾರ್ಗದರ್ಶಿ ಚಿಗುಸಾಳದು. ಸುರಂಗ ದಾಟುವಾಗ ಆಕೆ ಬಿಳಿ ಕೈಗವಸಿನಲ್ಲಿ ಮೈಕ್ ಹಿಡಿದು, "ಮುಂದೆ ವಿಶೇಷವೇನೂ ಇಲ್ಲ" ಎಂದು ಪ್ರಕಟಿಸುವಳು. ಕೂಡಲೇ ಎಲ್ಲರೂ ಕ್ಯಾಮೆರಾ ತೆಗೆಯುವರು. ಪ್ರಯಾಣಿಕರು ಬಹುಪಾಲು ಊರಿನ ಹಿರಿಯರೇ. ಟಿಕೆಟ್ ಅಗ್ಗ, ಮೇಲಾಗಿ ಬಿಸಿನೀರ ಬುಗ್ಗೆಯಲ್ಲಿ ಸ್ನಾನ. ಉಮೆನೊ ಅಜ್ಜಿಯಂತೂ ಒಂದು ಭಾನುವಾರವನ್ನೂ ತಪ್ಪಿಸಿದವಳಲ್ಲ.

ಆ ಭಾನುವಾರ ಜಿಲ್ಲೆಯಿಂದ ಆಶ್ಚರ್ಯ ತಪಾಸಣಾಧಿಕಾರಿ ತೊದೊರೊಕಿ ಬಂದು ಮುಂದಿನ ಸೀಟಿನಲ್ಲಿ ಕುಳಿತರು. ಆಶ್ಚರ್ಯ ಸಾಲದು ಎಂದು ಅವರು ಅಂದರೆ ಸಹಾಯಧನ ನಿಲ್ಲುತ್ತದೆ, ಬಸ್ ನಿಲ್ಲುತ್ತದೆ, ಚಿಗುಸಾಳ ಕೆಲಸವೂ ಹೋಗುತ್ತದೆ. ಆಕೆ ಅಜ್ಜಿಯ ಕಿವಿಗೆ ಬಾಗಿದಳು.

"ಅಜ್ಜಿ, ಇವತ್ತೊಂದಿನ ಸ್ವಲ್ಪ ಜೋರಾಗಿ ಬೆಚ್ಚಿಬೀಳ್ತೀರಾ?"

"ಅದಕ್ಕೇನಂತೆ. ಆದ್ರೆ ಹಲ್ಲಿನ ಸೆಟ್ ಮನೇಲೇ ಬಿಟ್ ಬಂದಿದೀನಿ ಕಣೆ. ಬಾಯಿ ತೆಗೀಲೇಬೇಕಾ?"

"ಕೈ ಅಡ್ಡ ಇಟ್ಕೊಳ್ಳಿ."

"'ಅಯ್ಯೋ' ಅನ್ಲಾ, 'ಅಬ್ಬಾ' ಅನ್ಲಾ?"

"ನಿಯಮದಲ್ಲಿರೋದು 'ಅಬ್ಬಾ'," ಎಂದರು ತೊದೊರೊಕಿ, ಹಿಂದಿರುಗಿ ನೋಡದೆ.

ಸುರಂಗದ ಮುಂದೆ ಗುಡ್ಡ ಕುಸಿದಿತ್ತು. ಚಾಲಕ ಕುರೊಕಿ ಗೊಣಗುತ್ತಲೇ ಬಸ್ಸನ್ನು ಹಳೆಯ ಕಾಡುದಾರಿಗೆ ತಿರುಗಿಸಿದ. ಒಂದು ತಿರುವು ಕಳೆದದ್ದೇ, ಎಡಗಡೆಯ ಬಂಡೆಯ ನೆತ್ತಿಯಿಂದ ಬೆಳ್ಳನೆಯ ನೀರು ಭೋರೆಂದು ಬೀಳುತ್ತಿತ್ತು. ಕುರೊಕಿ ತನಗರಿವಿಲ್ಲದೆ ಬ್ರೇಕ್ ಒತ್ತಿದ. ಅಜ್ಜಿಯ ಕೈಯಿಂದ ಕಿತ್ತಳೆ ಜಾರಿ ಉರುಳಿತು. ಬಾಯಿಗೆ ಕೈ ಅಡ್ಡ ಬರಲೇ ಇಲ್ಲ. ಚಿಗುಸಾ ಮೈಕ್ ಮರೆತು ನಿಂತಳು. ಕೆಲಸಕ್ಕೆ ಸೇರಿದ ಮೇಲೆ ಆಕೆಗೆ ಆಶ್ಚರ್ಯವಾದದ್ದು ಅದೇ ಮೊದಲು. ಕಣ್ಣು ತುಂಬಿಬಂತು.

ತೊದೊರೊಕಿ ಕನ್ನಡಕದ ಹನಿ ಒರೆಸಿಕೊಂಡರು. "ಇದು ಯಾವ ಜಲಪಾತ?"

"ಗೊತ್ತಿಲ್ಲ ಸಾರ್. ತುಂಬಾ ಅನಿರೀಕ್ಷಿತ..."

"ಆ ಪದ ಬಳಸ್ಬೇಡಿ. ಅದಕ್ಕೆ ಮುಂಗಡ ಅನುಮತಿ ಬೇಕು. ತಗೊಂಡಿದೀರಾ?"

"ಇದು ಇರೋದೇ ಗೊತ್ತಿರ್ಲಿಲ್ಲ ಸಾರ್."

"ಗೊತ್ತಿಲ್ದೆ ಆಶ್ಚರ್ಯಪಡೋದು ಯಾರ್ ಬೇಕಾದ್ರೂ ಮಾಡ್ತಾರಮ್ಮ. ನಮಗೆ ಬೇಕಾಗಿರೋದು ಶಿಸ್ತಿನ ಆಶ್ಚರ್ಯ."

ಪ್ರಯಾಣಿಕರು ತಲೆದೂಗಿದರು. "ನಿಜ ಕಣಪ್ಪ, ನನ್ನ ಎದೆ ಝಲ್ ಅಂತು," ಎಂದಳು ಅಜ್ಜಿ. "ವಯಸ್ಸಾದೋರಿಗೆ ಒಂದು ಮಾತು ಮೊದ್ಲೇ ಹೇಳ್ಬಾರ್ದಾ?"

ಬಸ್ಸು ಸುತ್ತುಬಳಸಿ ಅಧಿಕೃತ ಜಲಪಾತ ತಲುಪಿತು. ಎಲ್ಲರೂ ಒಕ್ಕೊರಲಿನಿಂದ 'ಅಬ್ಬಾ' ಎಂದರು. ತಪಾಸಣೆ ಅತ್ಯುತ್ತಮ ದರ್ಜೆಯಲ್ಲಿ ಮುಗಿಯಿತು. ಚಿಗುಸಾಳ ಕೆಲಸ ಉಳಿಯಿತು.

ಮರುವಾರ ಪ್ರಕಟಣೆ ಹೊರಟಿತು: 'ಕಾಡುದಾರಿಯಲ್ಲಿ ಬೀಳುತ್ತಿರುವ ನೀರು ಮುಂದಿನ ಆದೇಶದವರೆಗೆ ಜಲಪಾತವಾಗಿರುವುದಿಲ್ಲ. ಸಾರ್ವಜನಿಕರು ಅದನ್ನು ನೋಡತಕ್ಕದ್ದಲ್ಲ.'

ಕುಸಿದ ಗುಡ್ಡ ತೆರವಾಗದ ಕಾರಣ ಬಸ್ಸು ಈಗಲೂ ಅದೇ ದಾರಿಯಲ್ಲಿ ಹೋಗುತ್ತದೆ. ತಿರುವು ಬಂದಾಗ ಚಿಗುಸಾ ಮೈಕ್ ಹಿಡಿದು, "ದಯವಿಟ್ಟು ಎಲ್ಲರೂ ಬಲಗಡೆ ನೋಡಿ," ಎನ್ನುತ್ತಾಳೆ. ಬಲಗಡೆ ಇರುವುದು ಸಿಮೆಂಟಿನ ತಡೆಗೋಡೆ. ಎಲ್ಲರೂ ಅದರ ಫೋಟೊ ತೆಗೆಯುತ್ತಾರೆ.

"ಕುರೊಕಿ, ಇಲ್ಲೊಂದು ಗಳಿಗೆ ನಿಲ್ಸಪ್ಪಾ," ಎನ್ನುತ್ತಾಳೆ ಅಜ್ಜಿ. "ಗೋಡೆ ಸರಿಯಾಗಿ ನೋಡೋಣ."

ಕುರೊಕಿ ಇಂಜಿನ್ ಆರಿಸುತ್ತಾನೆ. ಎಡಗಡೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಬೆನ್ನು ಒದ್ದೆಯಾಗುವವರೆಗೂ ಬಸ್ಸಿಗೆ ಬಸ್ಸೇ ಗೋಡೆ ನೋಡುತ್ತಾ ಕೂರುತ್ತದೆ.